ಎಂಜಿನ್ ಏರಿಳಿಯುತ್ತಿದ್ದರೆ ಗವರ್ನರ್ ತಂಟೆಗೆ ಹೋಗಬೇಡಿ

ರೈಡಿಂಗ್ ಮೋವರ್, ಅಂದರೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ. ಅದರ ಎಂಜಿನ್ ಒಂದೇ ಸಮ ಓಡುತ್ತಿಲ್ಲ ಎಂಬ ದೂರು ನನ್ನ ಬಳಿ ಮತ್ತೆ ಮತ್ತೆ ಬರುತ್ತದೆ. ದೂರು ಬಂದರೆ ಬೇಸರವಿಲ್ಲ. ಆದರೆ ಬರುವಷ್ಟರಲ್ಲಿ ಯಾರೋ ಸ್ಕ್ರೂಡ್ರೈವರ್ ಹಾಕಿ ಎಲ್ಲ ತಿರುಗಿಸಿ ಆಗಿರುತ್ತದೆ. ಆಯಿಲ್ ನೋಡಿ, ಏರ್ ಫಿಲ್ಟರ್ ಝಾಡಿಸಿ ಎಂದೆಲ್ಲ ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ನೀವೇ ಮಾಡಿರುತ್ತೀರಿ ಅಂದುಕೊಂಡಿದ್ದೇನೆ.

ಪ್ರಶ್ನೆ: ನನ್ನದು ಒಂದೇ ಸಿಲಿಂಡರಿನ ಮೋವರ್. ಸ್ಪೀಡ್ ಲಿವರ್ ಪೂರ್ತಿ ಏರಿಸಿ ನಿಂತಲ್ಲೇ ಬಿಟ್ಟರೆ ಎಂಜಿನ್ ‘ವ್ರೂಂ... ವ್ರೂಂ...’ ಅಂತ ಏರುತ್ತದೆ, ಇಳಿಯುತ್ತದೆ. ಬ್ಲೇಡ್ ಹಾಕಿ ಹುಲ್ಲಿಗೆ ಇಳಿಸಿದರೆ ಹೆಚ್ಚುಕಮ್ಮಿ ಸರಿಯಾಗುತ್ತದೆ. ಗವರ್ನರ್ (ಎಂಜಿನ್ ಸ್ಪೀಡನ್ನು ಹಿಡಿತದಲ್ಲಿಡುವ ಭಾಗ) ಹೋಗಿದೆ ಅಂತ ಒಬ್ಬರು ಅದರ ಸ್ಪ್ರಿಂಗ್ ಬಿಗಿ ಮಾಡಿಕೊಟ್ಟರು. ಈಗ ಸ್ಪೀಡ್ ಜಾಸ್ತಿಯಾಗಿದೆ, ಏರಿಳಿತ ಮಾತ್ರ ಹಾಗೇ ಇದೆ. ಹೊಸ ಗವರ್ನರ್ ಹಾಕಿಸಬೇಕೇ?

ಉತ್ತರ: ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿದೆ. ಗವರ್ನರ್ ಹೋಗಿದ್ದರೆ ಎಂಜಿನ್ ಹೀಗೆ ತಾಳ ಹಾಕಿದಂತೆ ಏರಿಳಿಯುವುದಿಲ್ಲ. ಹಿಡಿತ ತಪ್ಪಿ ಒಂದೇ ಸಮ ಕಿರುಚಿಕೊಂಡು ಏರುತ್ತದೆ. ನಿಮ್ಮ ಗವರ್ನರ್ ಪಾಪ, ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ.

ಕೈಯಲ್ಲಿರುವ ಲಿವರ್ ನೇರವಾಗಿ ಕಾರ್ಬುರೇಟರಿನ, ಅಂದರೆ ಗಾಳಿ ಪೆಟ್ರೋಲ್ ಬೆರೆಸುವ ಭಾಗದ, ಥ್ರಾಟಲ್ ತಟ್ಟೆಯನ್ನು ತೆರೆಯುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಅದು ಎಳೆಯುವುದು ಒಂದು ಸ್ಪ್ರಿಂಗನ್ನು. ಸ್ಪ್ರಿಂಗ್ ಥ್ರಾಟಲ್ ತೆರೆಯಲು ಎಳೆದರೆ, ಎಂಜಿನ್ ಒಳಗೆ ತಿರುಗುವ ಗವರ್ನರಿನ ತೂಕಗಳು ಮುಚ್ಚಲು ನೂಕುತ್ತವೆ. ಲೋಡ್ ಇಲ್ಲದಾಗ ಸ್ಪೀಡ್ ಉಳಿಸಿಕೊಳ್ಳಲು ಹೆಚ್ಚು ಪೆಟ್ರೋಲ್ ಬೇಕಿಲ್ಲ. ಆದ್ದರಿಂದ ಲಿವರ್ ತುದಿಯಲ್ಲಿದ್ದರೂ ಥ್ರಾಟಲ್ ಬಹುಪಾಲು ಮುಚ್ಚಿಯೇ ಇರುತ್ತದೆ. ಆಗ ಎಂಜಿನ್‌ಗೆ ಪೆಟ್ರೋಲ್ ಬರುವುದು ಪೈಲಟ್ ಜೆಟ್ (ಸಣ್ಣ ತೂತಿರುವ ಬಿಡಿಭಾಗ) ಎಂಬುದರ ಸಣ್ಣ ದಾರಿಯಿಂದ. ಆ ದಾರಿ ಕಟ್ಟಿಕೊಂಡಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಸ್ಪೀಡ್ ಬೀಳುತ್ತದೆ. ಗವರ್ನರ್ ಥ್ರಾಟಲ್ ತೆರೆಯಲು ಬಿಡುತ್ತದೆ, ಮೇನ್ ಜೆಟ್ಟಿನ ದೊಡ್ಡ ದಾರಿಯಿಂದ ಪೆಟ್ರೋಲ್ ನುಗ್ಗಿ ಸ್ಪೀಡ್ ಏರುತ್ತದೆ. ಗವರ್ನರ್ ಮತ್ತೆ ಮುಚ್ಚುತ್ತದೆ, ಎಂಜಿನ್ ಮತ್ತೆ ಹಸಿಯುತ್ತದೆ. ಬ್ಲೇಡ್ ಹಾಕಿದಾಗ ಥ್ರಾಟಲ್ ತೆರೆದೇ ಇರುವುದರಿಂದ ಮೇನ್ ಜೆಟ್ ಸಾಕಷ್ಟು ಕೊಡುತ್ತದೆ, ಗಲಾಟೆ ನಿಲ್ಲುತ್ತದೆ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇತ್ತು, ಅಲ್ವಾ?

ಖಾತ್ರಿ ಮಾಡಿಕೊಳ್ಳಲು ಗಾಳಿ ಕಮ್ಮಿ ಮಾಡುವ ಚೋಕ್ ಸಾಕು. ಆದರೆ ಬಿಗಿ ಮಾಡಿದ ಸ್ಪ್ರಿಂಗನ್ನು ಮೊದಲು ಹಳೆಯ ತೂತಿಗೇ ಹಾಕಿ. ಎಳೆದು ಉದ್ದವಾಗಿದ್ದರೆ ಅದೇ ಮಾಡೆಲಿನ ಹೊಸದು ತನ್ನಿ. ಅಲ್ಲಿಯವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಇಂಥ ಬಹಳಷ್ಟು ಎಂಜಿನ್‌ಗಳ ಮೇಲಿನ ಮಿತಿ ನಿಮಿಷಕ್ಕೆ 3,600 ಸುತ್ತು, ಕೆಲವಕ್ಕೆ ಇನ್ನೂ ಕಮ್ಮಿ. ಅದನ್ನು ಮೀರಿದರೆ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಗೋಡೆ ಸೀಳಿಕೊಂಡು ಹೊರಬರಬಹುದು. ಬ್ಲೇಡ್ ಕೂಡ ಅದರ ಜೊತೆಗೇ ಜೋರಾಗಿ ತಿರುಗುತ್ತದೆ. ಬ್ಲೇಡಿನ ತುದಿ ನಿಮಿಷಕ್ಕೆ 19,000 ಅಡಿ ವೇಗ ದಾಟಬಾರದು ಅಂತ ಅಮೆರಿಕದ ಮಾನದಂಡವೇ ಇದೆ. ಅದನ್ನು ಸುಮ್ನೆ ಬರೆದಿಟ್ಟಿಲ್ಲ. ಸ್ಪೀಡನ್ನು ಕಿವಿಯಲ್ಲಿ ಅಳೆಯುವವರನ್ನು ನಾನು ನಂಬುವುದಿಲ್ಲ, ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದು ನೋಡಿ.

ಈಗ ಎಂಜಿನ್ ಬಿಸಿಯಾದ ಮೇಲೆ ಚೋಕನ್ನು ನಿಧಾನವಾಗಿ ಅರ್ಧದವರೆಗೆ ಎಳೆಯಿರಿ. ಏರಿಳಿತ ನಿಂತು ಸದ್ದು ಒಂದೇ ಸಮ ಆದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಎಂದರ್ಥ. ಕಪ್ಪು ಹೊಗೆ ಬಂದು ಇನ್ನೂ ಹದಗೆಟ್ಟರೆ ಅದು ಬೇರೆ ರೋಗ.

ಟ್ಯಾಂಕಿನ ಪೆಟ್ರೋಲ್ ಮೂಸಿ ನೋಡಿ. ಹಳೆ ವಾರ್ನಿಶ್ ತರಹ ಹುಳಿ ವಾಸನೆ ಬಂದರೆ ಪೂರ್ತಿ ಖಾಲಿ ಮಾಡಿ. ಪೆಟ್ರೋಲ್ ಒಂದು ತಿಂಗಳಲ್ಲೇ ಕೆಡಲು ಶುರುವಾಗುತ್ತದೆ, ಕಳೆದ ಸೀಸನ್ನಿನದ್ದು ಬಿಡಿ. ಎಥನಾಲ್ 10 ಪರ್ಸೆಂಟ್ ಮೀರಿದ ಪೆಟ್ರೋಲ್ ಬೇಡ ಅಂತ ಈ ಎಂಜಿನ್ ಮಾಡುವ ಹೆಚ್ಚಿನ ಕಂಪನಿಗಳು ಮ್ಯಾನುಯಲ್‌ನಲ್ಲೇ ಬರೆದಿರುತ್ತವೆ. ಯಾರೂ ಓದುವುದಿಲ್ಲ ಅಷ್ಟೆ.

ಇನ್ನು ಕಾರ್ಬುರೇಟರ್. ಬಿಚ್ಚುವ ಮೊದಲು ಯಾವ ಸ್ಪ್ರಿಂಗ್ ಯಾವ ತೂತಿನಲ್ಲಿದೆ ಅಂತ ಫೋಟೋ ತೆಗೆದುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಲಿ, ಪ್ಲಗ್ ವೈರ್ ಕಳಚಿಡಿ. ಹೊರಗಿನಿಂದ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿ “ಕ್ಲೀನ್ ಮಾಡಿಸಿದೆ ಸಾರ್, ಸರಿಹೋಗಲಿಲ್ಲ” ಎಂದರೆ ಪ್ರಯೋಜನವಿಲ್ಲ. ಪೈಲಟ್ ಜೆಟ್ಟನ್ನೇ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಶುದ್ಧವಾಗಿದ್ದರೆ ಸೂಜಿಮೊನೆಯಷ್ಟು ಬೆಳಕು ದುಂಡಗೆ, ಅಂಚು ಚೂಪಾಗಿ ಕಾಣುತ್ತದೆ. ಒಂದು ಬದಿ ಮಸುಕಾಗಿ ಅರ್ಧಚಂದ್ರದಂತೆ ಕಂಡರೆ ಕೆಟ್ಟ ಪೆಟ್ರೋಲಿನ ಅಂಟು ಕೂತಿದೆ. ಎಲೆಕ್ಟ್ರಿಕ್ ವೈರಿನ ಒಂದು ತಾಮ್ರದ ಎಳೆ ತೂರಿಸಿ ತೆಗೆಯಿರಿ. ಉಕ್ಕಿನ ಸೂಜಿ, ಡ್ರಿಲ್ ಬಿಟ್ ಬೇಡ. ಜೆಟ್ಟಿನ ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಜೆಟ್ ಕಸದ ಬುಟ್ಟಿಗೆ. ಜೆಟ್ ಕೂರುವ ದಾರಿಗೂ ಕ್ಲೀನರ್ ಹೊಡೆಯಿರಿ. ಅದು ಥ್ರಾಟಲ್ ತಟ್ಟೆಯ ಪಕ್ಕದ ಸಣ್ಣ ತೂತುಗಳಿಂದ ಚಿಮ್ಮಬೇಕು. ಚಿಮ್ಮದಿದ್ದರೆ ಕೆಲಸ ಮುಗಿದಿಲ್ಲ. ಕಣ್ಣಿಗೆ ಕನ್ನಡಕ ಇರಲಿ, ಅದು ನೇರ ಮುಖಕ್ಕೇ ಹಾರುತ್ತದೆ. ರಬ್ಬರ್ ರಿಂಗುಗಳನ್ನು ಕ್ಲೀನರಿನಲ್ಲಿ ನೆನೆಹಾಕಬೇಡಿ.

ಇಷ್ಟಾದ ಮೇಲೂ ಏರಿಳಿತ ಇದ್ದರೆ ಕಳ್ಳಗಾಳಿ ಹುಡುಕಿ. ಕಾರ್ಬುರೇಟರ್ ಕೂರುವ ಗ್ಯಾಸ್ಕೆಟ್, ಅದರಾಚೆ ಇನ್‌ಟೇಕ್ ಪೈಪು ಹೆಡ್ಡಿಗೆ ಸೇರುವ ಜಾಗ, ಇವೆರಡೇ ಮುಖ್ಯ ಅನುಮಾನ. ಎಂಜಿನ್ ಓಡುವಾಗ ಕಾರ್ಬುರೇಟರ್ ಕ್ಲೀನರ್ ಹೊಡೆದು ಪರೀಕ್ಷೆ ಮಾಡುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಬೆಂಕಿ ಹಿಡಿಯುವ ದ್ರವ ಎರಚಲು ನನಗಂತೂ ಧೈರ್ಯವಿಲ್ಲ. ನಾನು ಸ್ಪ್ರೇ ಬಾಟಲಿಯಲ್ಲಿ ನೀರನ್ನು ಮಂಜಿನಂತೆ ಹೊಡೆಯುತ್ತೇನೆ. ಸಂದಿಗೆ ನೀರು ಬಿದ್ದ ಕ್ಷಣ ಸದ್ದು ಬದಲಾದರೆ ಸೋರುವ ಜಾಗ ಅದೇ. ಇದನ್ನು ಬಯಲಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಗವರ್ನರಿನಲ್ಲಿ ನೋಡಬೇಕಾದ್ದು ಒಂದೇ. ಎಂಜಿನ್ ಆಫ್ ಇದ್ದಾಗ ಅದರ ಸರಳುಗಳು ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಆಡುತ್ತವೆಯೇ? ಹುಲ್ಲುಪುಡಿ, ಎಣ್ಣೆಜಿಡ್ಡು ಮೆತ್ತಿದ್ದರೆ ಒರೆಸಿ. ಅಷ್ಟೇ.

ಪ್ರಶ್ನೆ: ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಮುಗ್ಗರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ.

ಉತ್ತರ: ಮುಗ್ಗರಿಸಲು ಶುರುವಾದಾಗ ಗಾಡಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಚೇತರಿಸಿಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಹೊಸ ಮುಚ್ಚಳ ಹಾಕಿ. ಮೊಳೆ ಹೊಡೆದು ತೂತು ಮಾಡಬೇಡಿ. ಚೇತರಿಸದಿದ್ದರೆ ಪೆಟ್ರೋಲ್ ಫಿಲ್ಟರ್, ಆಮೇಲೆ ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್ ನೋಡಿ.

ಪ್ರಶ್ನೆ: ಎರಡು ಸಿಲಿಂಡರಿನ ಎಂಜಿನ್. ಗಡಗಡ ನಡುಗುತ್ತದೆ, ಶಕ್ತಿಯೇ ಇಲ್ಲ. ಇದೂ ಕಾರ್ಬುರೇಟರೇ?

ಉತ್ತರ: ಮೊದಲ ಅನುಮಾನ ಅದರ ಮೇಲಲ್ಲ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಎರಡಕ್ಕೂ ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಓಡುವ ಎಂಜಿನ್ನಿನ ಪ್ಲಗ್ ವೈರನ್ನು ಬರಿಗೈಯಲ್ಲಿ ಕೀಳುವ ಶೂರತನ ಬೇಡ.

ಪ್ರಶ್ನೆ: ಕಪ್ಪು ಹೊಗೆ ಬರುತ್ತದೆ, ಆಯಿಲ್ ಮಟ್ಟ ತಾನಾಗೇ ಏರಿದೆ.

ಉತ್ತರ: ಆಯಿಲ್ ತಾನಾಗಿ ಏರುವುದಿಲ್ಲ, ಒಳಗೆ ಪೆಟ್ರೋಲ್ ಇಳಿದಿದೆ. ಇನ್ನು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚಾಗದಂತೆ ತಡೆಯುವ ಫ್ಲೋಟ್ ನೀಡಲ್ ಬದಲಿಸಿ, ಆಯಿಲ್ ಪೂರ್ತಿ ಬದಲಿಸಿ, ಆಮೇಲೆ ನೋಡೋಣ.

ಪ್ರಶ್ನೆ: ಪೆಟ್ರೋಲಿಗೆ ಸ್ವಲ್ಪ ಥಿನ್ನರ್ ಬೆರೆಸಿದರೆ ಜೆಟ್ ತಾನೇ ಕ್ಲೀನ್ ಆಗುತ್ತದಂತೆ?

ಉತ್ತರ: ರಬ್ಬರ್ ಪೈಪು, ಸೀಲುಗಳೂ ಊದಿ ಹಾಳಾಗುತ್ತವೆ. ಹೇಳಿದವರ ಗಾಡಿಯಲ್ಲೇ ಮೊದಲು ಮಾಡಿಸಿ.

ಪ್ರಶ್ನೆ: ಉಬ್ಬುತಗ್ಗು ಬಂದಾಗ ಎಂಜಿನ್ ಕ್ಷಣ ಕಟ್ ಆಗುತ್ತದೆ. ಸೀಟಿನ ಕೆಳಗಿನ ಸ್ವಿಚ್ಚಿನಿಂದಲೇ ಎಂದು ಗೊತ್ತಾಗಿದೆ. ವೈರ್ ಜೋಡಿಸಿ ಬೈಪಾಸ್ ಮಾಡಬಹುದೇ?

ಉತ್ತರ: ಇಲ್ಲ. ನೀವು ಸೀಟಿನಿಂದ ಜಾರಿ ಬಿದ್ದಾಗ ಬ್ಲೇಡ್ ನಿಲ್ಲಿಸುವುದು ಆ ಸ್ವಿಚ್ಚು. ಕನೆಕ್ಟರ್ ಕಳಚಿ ತುಕ್ಕು ತೆಗೆಯಿರಿ, ಸರಿಹೋಗದಿದ್ದರೆ ಹೊಸ ಸ್ವಿಚ್ ಹಾಕಿ. ಬೈಪಾಸ್ ಮಾಡಿದ ಗಾಡಿಯ ಬಗ್ಗೆ ಬೇರೆ ಯಾವ ಪ್ರಶ್ನೆ ಕೇಳಿದರೂ ನಾನು ಉತ್ತರ ಕೊಡುವುದಿಲ್ಲ.