ವೇದಿಕೆಗೆ ಕರೆಯುವವರು ಯಾರು?

ಈ ಬಾರಿ ಬಂದ ಪತ್ರಗಳಲ್ಲಿ ಮೂರು, ಜನರನ್ನು ರಂಜಿಸುವುದನ್ನೇ ಕಸುಬಾಗಿ ನಂಬಿದ ಮನೆಗಳಿಂದ ಬಂದಿವೆ. ಮೂವರ ಕಷ್ಟದ ಬೇರೂ ಒಂದೇ ಆದ್ದರಿಂದ ಇಡೀ ಅಂಕಣವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ಮಿಮಿಕ್ರಿ ಮತ್ತು ಜಾದೂ ಪ್ರದರ್ಶನ ನೀಡುವವನು. ಅಂಗಡಿಯ ಲೆಕ್ಕ ಬರೆಯುವ ಕೆಲಸ ಬಿಟ್ಟು ಇದನ್ನೇ ಜೀವನೋಪಾಯ ಮಾಡಿಕೊಂಡಿದ್ದೇನೆ. ಸಿಗುವ ಕಾರ್ಯಕ್ರಮಗಳೆಲ್ಲ ಹುಬ್ಬಳ್ಳಿಯ ಒಬ್ಬರೇ ಈವೆಂಟ್ ಮ್ಯಾನೇಜರ್ ಮೂಲಕ ಬರುತ್ತವೆ. ಜನ ಚಪ್ಪಾಳೆ ತಟ್ಟುತ್ತಾರೆ, ಸೆಲ್ಫಿ ತೆಗೆಸಿಕೊಳ್ಳುತ್ತಾರೆ, ಆದರೆ ಮತ್ತೆ ಕರೆಯುವುದಿಲ್ಲ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಏನು ಮಾಡಲಿ?
ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಚಪ್ಪಾಳೆ ತಟ್ಟುವವರು ಬೇರೆ, ಕಲಾವಿದರನ್ನು ಗೊತ್ತುಮಾಡುವವರು ಬೇರೆ. ಗಣೇಶೋತ್ಸವ ಸಮಿತಿಯ ಕಾರ್ಯದರ್ಶಿ, ಶಾಲಾ ವಾರ್ಷಿಕೋತ್ಸವದ ಹೊಣೆ ಹೊತ್ತ ದೈಹಿಕ ಶಿಕ್ಷಕರು, ಕಲ್ಯಾಣಮಂಟಪದ ಮ್ಯಾನೇಜರ್, ಕನ್ನಡ ಸಂಘದ ಖಜಾಂಚಿ, ಇಂಥ ಕೆಲವೇ ಜನರ ಫೋನ್ ಕರೆಯಿಂದ ನಿಮ್ಮ ತಿಂಗಳು ತುಂಬುತ್ತದೆ. ಅವರಿಗೆ ಕಲೆಯ ಸೂಕ್ಷ್ಮಗಳಿಗಿಂತ ದೊಡ್ಡ ಚಿಂತೆಯೊಂದಿದೆ: ತಾವು ಕರೆಸಿದ ಕಲಾವಿದ ತಡವಾಗಿ ಬಂದಾನೋ, ಹೆಂಗಸರು ಮಕ್ಕಳ ಮುಂದೆ ಅಸಭ್ಯ ಹಾಸ್ಯ ಮಾಡಿಯಾನೋ, ಊರಿನ ಯಾವುದೋ ಜಾತಿಯನ್ನೋ ಪಕ್ಷವನ್ನೋ ಗೇಲಿ ಮಾಡಿ ಮರುದಿನ ತಮ್ಮ ಮನೆ ಬಾಗಿಲಿಗೆ ಜಗಳ ತಂದಾನೋ ಎಂಬುದು. ಆ ಚಿಂತೆಯನ್ನು ಮೊದಲೇ ಕಳೆಯುವುದೇ ನಿಮ್ಮ ಮಟ್ಟಿಗೆ ಪ್ರಚಾರ. ‘ನಲವತ್ತು ನಿಮಿಷದ ಕಾರ್ಯಕ್ರಮ, ಒಂದು ಕಾಲರ್ ಮೈಕ್ ಮತ್ತು ಒಂದು ಮೇಜು ಸಾಕು, ಚಿಕ್ಕ ಮಕ್ಕಳ ಮುಂದೆಯೂ ಮಾಡುವಂಥದ್ದು, ಒಂದು ಗಂಟೆ ಮೊದಲೇ ಬಂದಿರುತ್ತೇನೆ’ ಎಂದು ಹೇಳುವುದರಲ್ಲಿ ಆತ್ಮಸ್ತುತಿ ಎಲ್ಲಿದೆ? ಕಂಪನಿ ನಾಟಕಗಳ ಕಾಲದಲ್ಲಿ ಗಾಡಿಯ ಮೇಲೆ ವಾದ್ಯ ಬಾರಿಸುತ್ತ ಬೀದಿ ಬೀದಿಗೆ ಕರಪತ್ರ ಹಂಚುತ್ತಿದ್ದರು, ಅದರಲ್ಲಿ ನಟರ ಹೆಸರಿಗಿಂತ ಬಿರುದುಗಳೇ ಉದ್ದವಾಗಿರುತ್ತಿದ್ದವು. ಅವರಿಗಿಲ್ಲದ ಸಂಕೋಚ ನಿಮಗೇಕೆ ಎಂದು ಕೇಳಬೇಕೆನಿಸುತ್ತದೆ.

ಊರಿನಲ್ಲಿ ಕಾರ್ಯಕ್ರಮವಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಶಾಮಿಯಾನ ಮತ್ತು ಸೌಂಡ್ ಸಿಸ್ಟಂ ಅಂಗಡಿಯವರಿಗೆ, ಏಕೆಂದರೆ ದಿನಾಂಕ ಗೊತ್ತಾದ ಕೂಡಲೇ ಮುಂಗಡ ಹೋಗುವುದು ಅಲ್ಲಿಗೆ. ಸಮಿತಿಯವರು ಮುಂಗಡ ಕೊಡುತ್ತಲೇ ‘ಯಾರರ ಚಲೋ ಆರ್ಟಿಸ್ಟ್ ಅದಾರೇನ್ರಿ?’ ಎಂದು ಅವರನ್ನೇ ಕೇಳುತ್ತಾರೆ. ಮೈಕ್ ಕೂಗಿದಾಗಲೆಲ್ಲ ವೇದಿಕೆಯ ಮೇಲಿಂದಲೇ ಸೌಂಡ್ ಹುಡುಗನನ್ನು ಗದರಿಸಿ ನಗೆ ಗಿಟ್ಟಿಸುವ ಕಲಾವಿದರ ಹೆಸರು ಅಲ್ಲಿ ಬಾಯಿಗೆ ಬರುವುದಿಲ್ಲ. ಕಾರ್ಯಕ್ರಮಕ್ಕೆ ಮೊದಲು ಆ ಹುಡುಗನ ಪಕ್ಕ ಹತ್ತು ನಿಮಿಷ ನಿಂತು, ನಿಮ್ಮ ಧ್ವನಿ ಎಲ್ಲಿ ಏರುತ್ತದೆ, ಎಲ್ಲಿ ಪಿಸುಮಾತಾಗುತ್ತದೆ ಎಂದು ತೋರಿಸಿಕೊಡಿ. ಮುಗಿದ ಮೇಲೆ ಕೈ ಕುಲುಕಿ, ಅಂಗಡಿಯವರ ನಂಬರ್ ಪಡೆಯಿರಿ. ಮದುವೆಯ ಫೋಟೋಗ್ರಾಫರ್‌ಗಳ ವಿಷಯದಲ್ಲೂ ಹೀಗೆಯೇ.

ಇನ್ನು ವಿಡಿಯೋ. ಒಂದೂವರೆ ನಿಮಿಷ ಸಾಕು. ಹಾರುವ ಅಕ್ಷರಗಳು, ಬೆಂಕಿಯ ಗ್ರಾಫಿಕ್ಸ್, ಹಿನ್ನೆಲೆಯ ಸಿನಿಮಾ ಸಂಗೀತ ಯಾವುದೂ ಬೇಡ. ಜನರ ನಡುವೆ ಕುಳಿತ ಯಾರಿಂದಾದರೂ ಚಿತ್ರೀಕರಿಸಿ, ನಿಮ್ಮ ಮಾತಿನ ಜೊತೆಗೆ ಜನರ ನಗುವೂ ಕೇಳಿಸಬೇಕು, ಮುಂದಿನ ಸಾಲಿನ ಅಜ್ಜಿಯೂ ಮಕ್ಕಳೂ ಕಾಣಬೇಕು, ಏಕೆಂದರೆ ಕಾರ್ಯದರ್ಶಿ ನೋಡುವುದು ನಿಮ್ಮನ್ನಲ್ಲ, ತನ್ನ ಊರಿನವರಂಥ ಜನ ನಕ್ಕರೇ ಎಂಬುದನ್ನು. ಹೆಸರು ಮತ್ತು ಫೋನ್ ನಂಬರ್ ವಿಡಿಯೋದ ಮೇಲೆಯೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಹತ್ತು ಕೈ ದಾಟುವಷ್ಟರಲ್ಲಿ ಜೊತೆಗೆ ಬರೆದ ಸಂದೇಶ ಎಲ್ಲೋ ಕಳಚಿಹೋಗಿರುತ್ತದೆ.

ಕಳುಹಿಸುವ ಸಮಯವೂ ಮುಖ್ಯ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಆಗಲೇ ಗಣೇಶೋತ್ಸವ ಸಮಿತಿಗಳನ್ನು ಕಾಣಿರಿ. ನವೆಂಬರ್ 1ರ ರಾಜ್ಯೋತ್ಸವವನ್ನು ಸಂಘಗಳು ತಿಂಗಳಿಡೀ ಆಚರಿಸುವುದರಿಂದ ಆ ಮಾತು ದಸರೆಯ ಹೊತ್ತಿಗೇ ಮುಗಿಯಬೇಕು, ಅದರ ಹಿಂದೆಯೇ ಶಾಲೆಗಳ ವಾರ್ಷಿಕೋತ್ಸವಗಳು ಬರುತ್ತವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೂ ಒಮ್ಮೆ ಹೋಗಿ, ಸ್ವವಿವರ, ಹಿಂದಿನ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆ, ಫೋಟೋ, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ವಿವರಗಳೊಂದಿಗೆ ಅರ್ಜಿ ಕೊಟ್ಟಿರಿ. ನಿಮ್ಮ ಸುತ್ತಲೇ ಕಿತ್ತೂರು ಉತ್ಸವವಿದೆ, ಬನವಾಸಿಯ ಕದಂಬೋತ್ಸವವಿದೆ. ಆದರೆ ಸರ್ಕಾರಿ ಸಂಭಾವನೆ ಆ ರಾತ್ರಿಯೇ ಕೈಗೆ ಬರುವಂಥದ್ದಲ್ಲ, ಅದನ್ನು ನಂಬಿ ಮನೆ ಬಾಡಿಗೆಯ ಲೆಕ್ಕ ಹಾಕಬೇಡಿ.

ಹುಬ್ಬಳ್ಳಿಯ ಮ್ಯಾನೇಜರ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಅವರು ಕೊಡಿಸಿದ ಕಾರ್ಯಕ್ರಮದಲ್ಲಿ ನಿಮ್ಮ ಸ್ವಂತ ಕಾರ್ಡ್ ಹಂಚಬಾರದು. ಅಲ್ಲಿ ಯಾರಾದರೂ ನಂಬರ್ ಕೇಳಿದರೆ ಮ್ಯಾನೇಜರ್ ನಂಬರನ್ನೇ ಕೊಡಿ, ಕೊಟ್ಟ ವಿಷಯವನ್ನು ಅವರಿಗೂ ತಿಳಿಸಿ. ಹಾಗೆಯೇ, ಅವರ ಮೂಲಕ ಬಾರದ ಊರುಗಳಲ್ಲಿ ಸ್ವತಂತ್ರವಾಗಿ ಕಾರ್ಯಕ್ರಮ ಒಪ್ಪಿಕೊಳ್ಳುವುದಾಗಿ ಮುಖಾಮುಖಿ ಹೇಳಿಬಿಡಿ. ಈ ಕ್ಷೇತ್ರದಲ್ಲಿ ಸುದ್ದಿ ಬಹಳ ಬೇಗ ಹರಡುತ್ತದೆ. ಒಬ್ಬರಿಗೆ ಗೊತ್ತಿಲ್ಲದಂತೆ ಅವರ ಗಿರಾಕಿಯನ್ನು ಸೆಳೆದುಕೊಂಡವರನ್ನು ಇನ್ನೊಬ್ಬ ಮ್ಯಾನೇಜರ್ ಕೂಡ ಹತ್ತಿರ ಸೇರಿಸುವುದಿಲ್ಲ.

ಪ್ರಶ್ನೆ: ನಾನು ಸುಗಮ ಸಂಗೀತ ಗಾಯಕಿ. ಆಯೋಜಕರು ‘ಒಳ್ಳೆಯ ಪ್ರಚಾರ ಸಿಗುತ್ತದೆ, ಸಂಭಾವನೆ ಕೇಳಬೇಡಿ’ ಎನ್ನುತ್ತಾರೆ. ಒಪ್ಪಿಕೊಳ್ಳಬೇಕೆ? ನಾನು ಹಾಡಿದ ಭಾವಗೀತೆಗಳನ್ನು ಯೂಟ್ಯೂಬ್‌ಗೆ ಹಾಕಬಹುದೆ?
ಗಾಯಕಿ, ಮೈಸೂರು

ಉತ್ತರ: ನೀವು ಸಂಭಾವನೆ ಬಿಡಬಹುದು, ತಬಲಾ ಮತ್ತು ಕೀಬೋರ್ಡ್ ನುಡಿಸುವವರು ಬಿಡಲಾರರು, ಅವರ ಹಣ ನಿಮ್ಮ ಕೈಯಿಂದ ಹೋಗುತ್ತದೆ. ಆದ್ದರಿಂದ ಪಕ್ಕವಾದ್ಯದವರ ಸಂಭಾವನೆ ಮತ್ತು ಪ್ರಯಾಣದ ಖರ್ಚಿಗೆ ಒಪ್ಪದವರಿಗೆ ನಮಸ್ಕಾರ ಹೇಳಿಬಿಡಿ. ಅಷ್ಟಕ್ಕೆ ಒಪ್ಪಿದರೆ, ಆ ಸಭೆಯಲ್ಲಿ ಮುಂದೆ ನಿಮ್ಮನ್ನು ಕರೆಸಬಲ್ಲವರು ಕುಳಿತಿರುತ್ತಾರೆಯೇ ಎಂದು ವಿಚಾರಿಸಿ. ಇದ್ದರೆ, ಆಹ್ವಾನ ಪತ್ರಿಕೆಯಲ್ಲಿ ಹೆಸರು ಮತ್ತು ಕಾರ್ಯಕ್ರಮದ ಪೂರ್ತಿ ಧ್ವನಿಮುದ್ರಣ ಎರಡನ್ನೂ ಕೇಳಿ ಪಡೆದು ಹಾಡಿ. ಆಕಾಶವಾಣಿಯ ಧ್ವನಿಪರೀಕ್ಷೆಗೆ ಇನ್ನೂ ಕುಳಿತಿಲ್ಲವಾದರೆ ಕುಳಿತುಕೊಳ್ಳಿ. ‘ಆಕಾಶವಾಣಿಯ ಬಿ ಶ್ರೇಣಿ ಕಲಾವಿದೆ’ ಎಂಬ ಒಂದು ಸಾಲು, ನೀವೇ ಬರೆದುಕೊಳ್ಳುವ ಹತ್ತು ವಿಶೇಷಣಗಳಿಗಿಂತ ಆಯೋಜಕರಿಗೆ ಹೆಚ್ಚು ನಂಬಿಕೆ ತರುತ್ತದೆ.

ಯೂಟ್ಯೂಬ್ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಕಾನೂನಿನಂತೆ ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ರಾಗಸಂಯೋಜನೆಯ ಹಕ್ಕು ಬೇರೆ, ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣದ ಹಕ್ಕು ಇನ್ನೂ ಬೇರೆ. ಕಂಪನಿಯ ಕರೋಕೆ ಟ್ರ್ಯಾಕ್ ಬಳಸಿ ಹಾಡಿದರೆ ಆಕ್ಷೇಪ ಬರುವ ಸಂಭವ ಹೆಚ್ಚು. ಇಂದಿನ ಕವಿಯೊಬ್ಬರ ಅನುಮತಿ ಪಡೆದು ಹೊಸ ಸಂಯೋಜನೆ ಮಾಡಿಸಿ ಹಾಡಿದರೆ ಅದು ನಿಮ್ಮದೇ ಹಾಡೆಂದು ಗುರುತಾಗುತ್ತದೆ, ಆ ಕವಿಯೂ ಅದನ್ನು ತಮ್ಮ ಬಳಗಕ್ಕೆಲ್ಲ ಹಂಚುತ್ತಾರೆ.

ಪ್ರಶ್ನೆ: ನನ್ನ ಪತಿ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳವೊಂದರಲ್ಲಿ (ತಂಡದಲ್ಲಿ) ವೇಷಧಾರಿ. ಮೇ ಕೊನೆಯ ಹೊತ್ತಿಗೆ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದರೆ ಮಳೆಗಾಲವಿಡೀ ವರಮಾನ ಅಷ್ಟಕ್ಕಷ್ಟೆ. ಅವರ ವೇಷದ ರೀಲ್ಸ್ ಹಾಕೋಣವೆಂದು ಮಗ ಹೇಳುತ್ತಾನೆ, ಅವರು ಒಪ್ಪುವುದಿಲ್ಲ. ಯಾರು ಸರಿ?
ಗೃಹಿಣಿ, ಬಂಟ್ವಾಳ

ಉತ್ತರ: ನಿಮ್ಮ ಪತಿಯ ಹಿಂಜರಿಕೆಗೆ ಕಾರಣವಿದೆ. ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಮೇಳದ್ದು, ಆದ್ದರಿಂದ ಮೊದಲು ಮೇಳದ ಯಜಮಾನರನ್ನು ಕೇಳಬೇಕು. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿದ ಮುಖವನ್ನು ತಮಾಷೆಯಾಗಿ ತೋರಿಸುವುದು ಹಿರಿಯ ಕಲಾವಿದರಿಗೆ ಸರಿಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಅನುಮತಿ ಸಿಕ್ಕರೆ ಒಂದು ಪ್ರವೇಶದ ಕುಣಿತ, ಒಂದು ಅರ್ಥಗಾರಿಕೆಯ (ಪಾತ್ರದ ಆಶುಮಾತಿನ) ತುಣುಕು ಹಾಕಲಿ. ಪ್ರಸಂಗ ಮತ್ತು ಪಾತ್ರದ ಜೊತೆಗೆ ಹಾಡುವ ಭಾಗವತರ ಹಾಗೂ ಚೆಂಡೆ, ಮದ್ದಳೆಯವರ ಹೆಸರೂ ಕಡ್ಡಾಯವಾಗಿ ಇರಲಿ. ಮಳೆಗಾಲದ ತಂಡ ಕಟ್ಟುವವರು ಸಾಮಾನ್ಯವಾಗಿ ಭಾಗವತರು ಅಥವಾ ಹಿರಿಯ ವೇಷಧಾರಿಗಳು, ತಮ್ಮ ಹೆಸರು ಬಿಟ್ಟುಹೋದದ್ದನ್ನು ಅವರು ಮರೆಯುವುದಿಲ್ಲ.

ಮುಂಬಯಿ, ಬೆಂಗಳೂರಿನ ಆಟಗಳು, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆ, ಮನೆ ಮನೆಗೆ ಹೋಗುವ ಚಿಕ್ಕಮೇಳ, ಮಕ್ಕಳಿಗೆ ನಾಟ್ಯ ತರಗತಿ, ಇವೆಲ್ಲ ಆ ತಿಂಗಳುಗಳ ದಾರಿಗಳು. ಆದರೆ ಪತ್ತನಾಜೆಯ ಮರುದಿನ ಹುಡುಕಲು ಹೊರಟರೆ ತಂಡಗಳು ಆಗಲೇ ತುಂಬಿರುತ್ತವೆ. ಮೇಳ ತಿರುಗಾಟದಲ್ಲಿರುವಾಗ, ಶಿವರಾತ್ರಿಯ ಆಸುಪಾಸಿನಲ್ಲೇ, ‘ಮಳೆಗಾಲಕ್ಕೆ ನಾನು ಬಿಡುವಾಗಿದ್ದೇನೆ’ ಎಂದು ತಂಡ ಕಟ್ಟುವವರ ಕಿವಿಗೆ ನಿಮ್ಮ ಪತಿಯೇ ಹಾಕಿಡಲಿ.