ಜಿಗಿಹುಳು ಹೊಸದೋ ಹಳೆಯದೋ, ಬೆನ್ನಿನ ಚುಕ್ಕೆ ಹೇಳುವುದಿಲ್ಲ
ಮುದ್ದೇಬಿಹಾಳದ ಕಡೆ ಹೊಲದ ಬದುವಿನ ಹುಲ್ಲಿನಲ್ಲಿ ಹಳದಿ ಜಿಗಿಹುಳು ಸಿಕ್ಕಿದೆ, ಬೆನ್ನ ಮೇಲೆ ಎರಡು ಕಪ್ಪು ಚುಕ್ಕೆ ಇವೆ, ನೆಟ್‌ನಲ್ಲಿ ಎಷ್ಟು ಹುಡುಕಿದರೂ ಅಂಥದ್ದು ಕಾಣಲಿಲ್ಲ, ಹೊಸ ಪ್ರಭೇದ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು ರೀ. ಆದರೆ ಫೋಟೋ ನೋಡಿ ಹೌದು ಅನ್ನುವವರನ್ನು ನಂಬಬೇಡಿ. ನಾನು ವಿಜಯಪುರದವನು, ಕೃಷಿ ಕೀಟಶಾಸ್ತ್ರ ಓದುವಾಗ ಎರಡು ವರ್ಷ ಇದೇ ಹುಳುಗಳ ಬೆನ್ನು ಹತ್ತಿದ್ದೆ.

ಮೊದಲು ಹಿಂಗಾಲು ನೋಡಿ. ಮೊಣಕಾಲಿನ ಕೆಳಗೆ ಉದ್ದಕ್ಕೂ ಬಾಚಣಿಗೆಯ ಹಲ್ಲಿನ ಹಾಗೆ ಮುಳ್ಳಿನ ಸಾಲುಗಳಿದ್ದರೆ ಅದು ಸಿಕಾಡೆಲ್ಲಿಡೆ ಕುಟುಂಬದ್ದು. ಭತ್ತದ ಕಂದು ಜಿಗಿಹುಳುವನ್ನೂ ನಾವು ಜಿಗಿಹುಳು ಅಂತಲೇ ಕರೆಯುತ್ತೇವೆ, ಆದರೆ ಅದರ ಕುಟುಂಬ ಬೇರೆ. ಸಿಕಾಡೆಲ್ಲಿಡೆ ಒಂದರಲ್ಲೇ ಹೆಸರು ಪಡೆದ ಪ್ರಭೇದಗಳು 20,000ಕ್ಕೂ ಜಾಸ್ತಿ. ಎರಡು ಚುಕ್ಕೆಯವು ಎಷ್ಟೋ ಇವೆ. ನಮ್ಮ ಹತ್ತಿ ಹೊಲದ ಹಸಿರು ಜಿಗಿಹುಳುವಿನ ಹೆಸರೇ ಅಮ್ರಾಸ್ಕ ಬಿಗುಟ್ಟುಲ. ಬಿಗುಟ್ಟುಲ ಅಂದರೆ ಎರಡು ಪುಟ್ಟ ಹನಿ! ಬಣ್ಣವಂತೂ ಹುಳು ಸತ್ತ ಮೇಲೆ ಮಾಸಿ ಹೋಗುತ್ತದೆ.

ಗುಟ್ಟು ಇರುವುದು ಗಂಡಿನ ಹೊಟ್ಟೆಯ ತುದಿಯಲ್ಲಿ. ಹೊಟ್ಟೆಯನ್ನು ಸೂಜಿಯಿಂದ ಬಿಡಿಸಿ, ಶೇ 10ರ ಕಾಸ್ಟಿಕ್ ಪೊಟ್ಯಾಷ್ ನೀರಿನಲ್ಲಿ ಹಾಕಿ ಹದವಾಗಿ ಬಿಸಿ ಮಾಡಬೇಕು. ಒಳಗಿನ ಮಾಂಸ ಕರಗಿ ಗಟ್ಟಿ ಕವಚ ಮಾತ್ರ ಉಳಿಯುತ್ತದೆ. ನೀರಿನಲ್ಲಿ ತೊಳೆದು, ಒಂದು ಹನಿ ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ನೋಡಬೇಕು. ಇಡೀ ಹುಳುವೇ ಮೂರು ನಾಲ್ಕು ಮಿ.ಮೀ., ಒಳಗಿನ ಈಡಿಯಾಗಸ್ ಅನ್ನೋ ಗಂಡಿನ ಜನನಾಂಗ ಅದರ ಒಂದು ಚೂರು. ಪಕ್ಕದಿಂದ ನೋಡಿದರೆ ಕುಡುಗೋಲಿನ ಹಾಗೆ ಬಾಗಿರಬಹುದು, ಮೇಲಿನಿಂದ ನೋಡಿದರೆ ತುದಿ ಕವೆಯಂತೆ ಸೀಳಿರಬಹುದು, ಬುಡದಲ್ಲಿ ಒಂದು ಮುಳ್ಳು ಎದ್ದಿರಬಹುದು. ಹೊರಗಿನಿಂದ ಅವಳಿಗಳಂತಿರುವ ಎರಡು ಹುಳು ಇಲ್ಲಿ ಬೇರೆ ಬೇರೆ ಅಂತ ತಿಳಿಯುತ್ತದೆ. ಪಕ್ಕದಲ್ಲಿನ ಸ್ಟೈಲ್ ಅನ್ನೋ ಕಡ್ಡಿಯಂಥ ಭಾಗ, ಕೆಳಗಿನ ಎರಡು ಫಲಕ, ಅವುಗಳ ಮೇಲಿನ ಕೂದಲು ಎಲ್ಲವನ್ನೂ ಎರಡು ಮೂರು ಕೋನದಿಂದ ಚಿತ್ರ ಬರೆಯಬೇಕು. ಒಂದು ಚಿತ್ರಕ್ಕೆ ನನಗೆ ಅರ್ಧ ದಿನ ಹಿಡಿಯುತ್ತಿತ್ತು.

ಬಾದಾಮಿ ಕಡೆ ರಾತ್ರಿ ಬಲ್ಬಿನ ಮುಂದೆ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ ಕೂತಾಗ ನನಗೂ ಒಂದು ಚೆಂದದ ಗಂಡು ಸಿಕ್ಕಿತ್ತು. ಒಂದೇ ಒಂದು. ಅದರ ಹೊಟ್ಟೆಯನ್ನು ಪೊಟ್ಯಾಷ್‌ಗೆ ಹಾಕಿ, ಐದೇ ನಿಮಿಷ ಅಂತ ಗಿರ್ಮಿಟ್ ತಿನ್ನಲು ಹೋದೆ. ಬರುವಷ್ಟರಲ್ಲಿ ನೀರು ಕುದ್ದು ಉಕ್ಕಿ, ಹೊಟ್ಟೆ ಎಲ್ಲಿ ಸಿಡಿಯಿತೋ ದೇವರೇ ಬಲ್ಲ. ಟೇಬಲ್ ಕೆಳಗೆ ಟಾರ್ಚ್ ಹಿಡಿದು ಹುಡುಕಿದ್ದೇ ಬಂತು.

ಚಿತ್ರ ಆಯ್ತು ಅಂದರೂ ಕೆಲಸ ಮುಗಿಯಲ್ಲ. ಇದಕ್ಕೆ ಮೊದಲೇ ಯಾರಾದರೂ ಹೆಸರಿಟ್ಟಿದ್ದಾರಾ ನೋಡಬೇಕು. ಡಿಸ್ಟೆಂಟ್ ಅನ್ನೋ ಇಂಗ್ಲಿಷರು 1908ರಲ್ಲೇ ನಮ್ಮ ದೇಶದ ಜಿಗಿಹುಳುಗಳ ಬಗ್ಗೆ ಬರೆದಿಟ್ಟಿದ್ದಾರೆ. ಆದರೆ ಹೆಚ್ಚಾಗಿ ಬಣ್ಣ, ಆಕಾರ ಹೇಳಿದ್ದಾರೆ. ಅದನ್ನಷ್ಟೇ ಓದಿ ತೀರ್ಮಾನಕ್ಕೆ ಬರಲು ಆಗಲ್ಲ, ಲಂಡನ್ನಿನ ಮ್ಯೂಸಿಯಂನಲ್ಲಿರುವ ಮೂಲ ಹುಳುಗಳನ್ನೇ ನೋಡಬೇಕಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಸಿ. ಎ. ವಿರಕ್ತಮಠ ಅವರಂಥವರು ದಶಕಗಟ್ಟಲೆ ಈ ಗೋಜಲು ಬಿಡಿಸಿದ್ದರಿಂದ ನಮ್ಮಂಥವರಿಗೆ ದಾರಿ ಸ್ವಲ್ಪ ಸಲೀಸು.

ನಿಜಕ್ಕೂ ಹೊಸದಾದರೆ ಒಂದು ಹುಳುವನ್ನು ಹೋಲೋಟೈಪ್, ಅಂದರೆ ಆ ಪ್ರಭೇದದ ಮೂಲ ಮಾದರಿ, ಅಂತ ಆರಿಸುತ್ತಾರೆ. ಪ್ರಭೇದಕ್ಕೆ ಇಟ್ಟ ಹೆಸರು ಮುಂದೆ ಆ ಒಂದು ಹುಳುವಿಗೇ ಅಂಟಿಕೊಂಡಿರುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಜೀವಿಯ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಡಬೇಕು. ಹೆಸರಿಗೆ ಊರು ಸೇರಿಸಿದರೆ ವಿಜಯಪುರೆನ್ಸಿಸ್ ಅಂತ ಏನೋ ಆಗುತ್ತದೆ. ನಿಮ್ಮ ಹೆಸರನ್ನು ನೀವೇ ಇಡಲು ನಿಯಮದ ಅಡ್ಡಿ ಇಲ್ಲ, ಜನ ನಗುತ್ತಾರೆ ಅಷ್ಟೇ.

ಸದ್ಯಕ್ಕೆ ಜೀವಂತ ಇರುವಾಗಲೇ ಫೋಟೋ ತೆಗೆದು, ಹತ್ತು ಹನ್ನೆರಡು ಹುಳು ಹಿಡಿದು ಶೇ 70ರ ಆಲ್ಕೋಹಾಲ್‌ನಲ್ಲಿ ಹಾಕಿ. ಬರೀ ಹೆಣ್ಣು ಸಿಕ್ಕರೆ ಸುಮ್ನೆ ಕಷ್ಟ. ಚೀಟಿ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಕರಗುತ್ತದೆ. ಊರು, ತಾರೀಖು, ಹಿಡಿದವರ ಹೆಸರು ಇರಲಿ. ಮತ್ತೆ, ಅದು ಯಾವ ಹುಲ್ಲು? ಅದನ್ನು ನೀವು ಹೇಳಲೇ ಇಲ್ಲ.