ಮನೆ ಬಿಡಬೇಕೋ ಬೇಡವೋ, ಅಷ್ಟು ಹೇಳಿದರೆ ಸಾಕು

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಅಚ್ಚಾದ ನ್ಯೂಯಾರ್ಕ್ ನಗರದ ಚಂಡಮಾರುತ ತೆರವು ನಕ್ಷೆ ನಿಮಗೆ ಹಿಡಿಸಿಲ್ಲ. ‘ನೆಲದ ಎತ್ತರವಿಲ್ಲ, ನೀರಿನ ಆಳವಿಲ್ಲ, ಗಾಳಿಯ ವೇಗವಿಲ್ಲ, ಬಿರುಗಾಳಿ ಬರುವ ದಾರಿಯಿಲ್ಲ. ಆರು ವಲಯ ಮಾಡಿ ಬಣ್ಣ ಬಳಿದರೆ ಅದು ನಕ್ಷೆಯೇ? ಜನ ಅಷ್ಟು ದಡ್ಡರೇ?’ ಎಂದು ಕೇಳಿದ್ದೀರಿ. ಜೀವಮಾನವೆಲ್ಲ ಭೂಗೋಳ ಕಲಿಸಿದವರಿಗೆ ಹಾಗನ್ನಿಸುವುದು ಸಹಜವೇ. ಆದರೂ ನಾನು ಒಪ್ಪಲಾರೆ.

ಆ ನಕ್ಷೆಯನ್ನು ಬಿಡಿಸಿ ನೋಡುವವರು ಎಂಥ ಹೊತ್ತಿನಲ್ಲಿ ನೋಡುತ್ತಾರೆ ಯೋಚಿಸಿ. ಟಿವಿಯಲ್ಲಿ ಎಚ್ಚರಿಕೆ, ಮನೆಯಲ್ಲಿ ಮಗು, ಹಾಸಿಗೆ ಹಿಡಿದ ಅಜ್ಜಿ. ಅವರಿಗೆ ಇರುವುದು ಒಂದೇ ಪ್ರಶ್ನೆ: ನಾವು ಹೊರಡಬೇಕೋ, ಇಲ್ಲೇ ಇರಬೇಕೋ? ನೀವು ಕೇಳಿದ ನೆಲದ ಎತ್ತರ ಆ ಉತ್ತರದೊಳಗೇ ಇದೆ. ಅಮೆರಿಕದ ಹವಾಮಾನ ಇಲಾಖೆಯ ‘ಸ್ಲಾಶ್’ ಎಂಬ ಗಣಕ ಮಾದರಿಯಲ್ಲಿ ಬೇರೆ ಬೇರೆ ದಿಕ್ಕು, ವೇಗ, ಬಲದ ಸಾವಿರಾರು ಕಲ್ಪಿತ ಚಂಡಮಾರುತಗಳನ್ನು ಓಡಿಸಿ, ಕಡಲ ನೀರು ಹೆಚ್ಚೆಂದರೆ ಎಲ್ಲಿಯವರೆಗೆ ನುಗ್ಗೀತು ಎಂದು ನೋಡುತ್ತಾರೆ. ವಲಯಗಳು ಹುಟ್ಟುವುದು ಅದರಿಂದ. ಊಟಕ್ಕೆ ಕೂತವರ ಮುಂದೆ ಒಲೆಯನ್ನೂ ತಂದಿಡುವುದಿಲ್ಲವಲ್ಲ.

ಗಾಳಿಯನ್ನು ಬಿಟ್ಟಿದ್ದು ಬೇಕೆಂದೇ. ‘ನೀರಿಗೆ ಓಡು, ಗಾಳಿಗೆ ಅಡಗು’ ಎಂಬುದು ಅಲ್ಲಿನ ತುರ್ತು ಸೇವೆಯವರ ಮಾತು. ಗಟ್ಟಿ ಮನೆಯಿದ್ದರೆ ಗಾಳಿಯನ್ನು ಒಳಗೇ ಕೂತು ಕಳೆಯಬಹುದು, ಗಾಳಿ ದಬ್ಬಿ ತರುವ ಕಡಲ ನೀರನ್ನು ಹಾಗೆ ಕಳೆಯಲಾಗದು. ಈ ಭೇದ ತಿಳಿಯದಿದ್ದರೆ ಏನಾಗುತ್ತದೆಂಬುದನ್ನು 2005ರ ಸೆಪ್ಟೆಂಬರಿನಲ್ಲಿ ಟೆಕ್ಸಸ್ ರಾಜ್ಯದ ಹೂಸ್ಟನ್ ನಗರ ನೋಡಿತು. ನ್ಯೂ ಆರ್ಲಿಯನ್ಸನ್ನು ಮುಳುಗಿಸಿದ ಕತ್ರಿನಾ ಚಂಡಮಾರುತ ಬಂದು ಇನ್ನೂ ತಿಂಗಳಾಗಿರಲಿಲ್ಲ, ಆ ಭಯದಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಸುಮಾರು 25 ಲಕ್ಷ ಜನ ರಸ್ತೆಗಿಳಿದರು. ಕಡಲ ನೀರು ಎಂದೂ ಮುಟ್ಟದ ಬಡಾವಣೆಗಳವರೂ ಹೊರಟರು. ನಿಜಕ್ಕೂ ಹೋಗಲೇಬೇಕಿದ್ದ ಕರಾವಳಿಯವರು ಅವರ ಕಾರುಗಳ ಹಿಂದೆ, ಸುಡುವ ಬಿಸಿಲಲ್ಲಿ, ಪೆಟ್ರೋಲು ಮುಗಿದು ನಿಂತರು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಬಸ್ಸೊಂದು ಡಲ್ಲಾಸ್ ಸಮೀಪ ಹೊತ್ತಿ ಉರಿದು 23 ಮಂದಿ ತೀರಿಕೊಂಡರು. ಬಿರುಗಾಳಿ ನೇರವಾಗಿ ಕೊಂದವರಿಗಿಂತ ಈ ತೆರವಿನಲ್ಲಿ ಸತ್ತವರೇ ಎಷ್ಟೋ ಹೆಚ್ಚು. ಹಾಗಾಗಿ ‘ನೀವು ಹೊರಡಬೇಡಿ’ ಎಂದು ಹೇಳುವುದೂ ನಕ್ಷೆಯ ಕೆಲಸವೇ, ‘ಹೊರಡಿ’ ಎನ್ನುವಷ್ಟೇ ಮುಖ್ಯ ಕೆಲಸ.

ಆಮೇಲೆ ಹೂಸ್ಟನ್ನಿನವರು ವಲಯಗಳನ್ನು ಅಂಚೆಯ ಜಿಪ್ ಕೋಡಿನ ಮೇಲೆ ಹಂಚಿದರು. ನೀರಿಗೆ ಅಂಚೆಕಚೇರಿಯ ಗಡಿ ಗೊತ್ತಿಲ್ಲ, ನಿಜ. ನೆನೆಯದ ನಾಲ್ಕು ಬೀದಿಗಳೂ ವಲಯದೊಳಗೆ ಬಂದಾವು. ಬರಲಿ ಬಿಡಿ. ತನ್ನ ಮನೆ ಸಮುದ್ರಮಟ್ಟದಿಂದ ಎಷ್ಟು ಅಡಿ ಮೇಲಿದೆ ಎಂದು ಯಾರಿಗೆ ಗೊತ್ತು? ಜಿಪ್ ಕೋಡ್ ಎಲ್ಲರಿಗೂ ಬಾಯಿಪಾಠ.

ನ್ಯೂಯಾರ್ಕಿನಲ್ಲಿ ಮೊದಲು ಎ, ಬಿ, ಸಿ ಎಂಬ ಮೂರೇ ವಲಯಗಳಿದ್ದವು; ‘ಎ’ ಎಂದರೆ ಎಲ್ಲಕ್ಕಿಂತ ಮೊದಲು ತೆರವಾಗಬೇಕಾದದ್ದು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ನೀರು ಹಲವೆಡೆ ‘ಎ’ ದಾಟಿ ಒಳಬಂತು. ಸಾಲದ್ದಕ್ಕೆ, ಕೇಂದ್ರ ಸರ್ಕಾರದ ನೆರೆವಿಮೆ ನಕ್ಷೆಯಲ್ಲೂ ಒಂದು ‘ಎ’ ವಲಯ; ಎರಡಕ್ಕೂ ಸಂಬಂಧವಿಲ್ಲ. 2013ರಲ್ಲಿ ಅಕ್ಷರ ಬಿಟ್ಟು 1ರಿಂದ 6ರವರೆಗಿನ ಅಂಕಿಗೆ ಬಂದರು. ವಲಯ ಸಣ್ಣದಾದಷ್ಟೂ ಅನಗತ್ಯವಾಗಿ ಎಬ್ಬಿಸಬೇಕಾದ ಜನ ಕಡಿಮೆ. ನನ್ನನ್ನು ಕೇಳಿದರೆ ಆರಕ್ಕೆ ನಿಲ್ಲಿಸಬೇಕು, ಹತ್ತಾದರೆ ಮತ್ತೆ ಗೊಂದಲ.

ಬಿರುಗಾಳಿಯ ದಾರಿ? ಅದನ್ನಂತೂ ಖಂಡಿತ ಸೇರಿಸಬಾರದು. ಮುನ್ಸೂಚನೆಯ ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ‘ಕೋನ್’ ಎಂಬ ಪಟ್ಟೆ ತೋರಿಸುವುದು ಚಂಡಮಾರುತದ ಕೇಂದ್ರ ಎಲ್ಲೆಲ್ಲಿ ಹಾದೀತು ಎಂಬುದನ್ನಷ್ಟೇ, ಅದರ ಹರವನ್ನಲ್ಲ. ಮೂರರಲ್ಲಿ ಒಂದು ಸಲ ಕೇಂದ್ರವೂ ಕೋನ್ ದಾಟುತ್ತದೆ. 2004ರಲ್ಲಿ ಚಾರ್ಲಿ ಚಂಡಮಾರುತ ಬಂದಾಗ ಫ್ಲಾರಿಡಾದ ಬಹಳ ಜನ ಕೋನ್‌ನ ನಡುಗೆರೆಯನ್ನೇ ನಂಬಿ, ಹೊಡೆತ ಟ್ಯಾಂಪಾಕ್ಕೆ ಎಂದುಕೊಂಡರು. ಅದು ಹೊರಳಿ ಪುಂಟಾ ಗೋರ್ಡಾಕ್ಕೆ ಬಡಿಯಿತು. ಆ ಊರು ಕೋನ್ ಒಳಗೇ ಇತ್ತು!

ಬರೀ ಬಣ್ಣ ಬಳಿದರೆ ಸಾಲದು ಎಂಬ ನಿಮ್ಮ ಮಾತು ಮಾತ್ರ ಪೂರ್ತಿ ಸರಿ. ಗಂಡಸರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯದು, ಜೆರಾಕ್ಸ್ ಮಾಡಿದರಂತೂ ಯಾರಿಗೂ ತಿಳಿಯದು. ವಲಯದ ಅಂಕಿಯನ್ನು ಪ್ರತಿ ತುಂಡಿನೊಳಗೂ ದಪ್ಪಕ್ಷರದಲ್ಲಿ ಹಾಕಲೇಬೇಕು.

ನೀರಿನ ಆಳ ನೋಡುವ ನಿಮ್ಮ ಆಸೆಗೂ ದಾರಿಯಿದೆ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ 2014ರಿಂದ, ಚಂಡಮಾರುತ ಹತ್ತಿರವಾದಾಗ ನೆಲದ ಮೇಲೆ ಎಷ್ಟು ಅಡಿ ನೀರು ಏರೀತು ಎಂಬ ನಕ್ಷೆಯನ್ನು ಬೇರೆಯಾಗಿಯೇ ಕೊಡುತ್ತಿದೆ. ತರಗತಿಯಲ್ಲಿ ಪಾಠ ಮಾಡಲು ನಾನಾದರೂ ಅದನ್ನೇ ಆರಿಸುತ್ತಿದ್ದೆ.

— ಸಂಪಾದಕ